ಕೇಳದೆ ಬಂದ ಜಿಂಕೆಗಳು

ಮುತ್ತಜ್ಜಿಯ ಕಾಲದಲ್ಲೇ ಕಾಡಿನಿಂದ ಎಬ್ಬಿಸಿ ಪಟ್ಟಣದ ಅಂಚಿಗೆ ತಂದಿಟ್ಟ ಮೂಲನಿವಾಸಿಗಳ ಮಗಳು ಅವಳು. ತನ್ನವರ ಚಿತ್ರಗಳಿಗಾಗಿ ಹಳೆಯ ಟೈರ್ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದು ಗ್ಯಾಲರಿ ಮಾಡಿದ್ದಳು. ಚಿತ್ರಕ್ಕೆ ಗೋಡೆ ಕೊಟ್ಟವಳೆಂದು ಜನ ಅವಳನ್ನು ಗೋಡೆಯಕ್ಕ ಎನ್ನುತ್ತಿದ್ದರು. ಎಷ್ಟು ಬಣ್ಣ ಬಳಿದರೂ ರಬ್ಬರಿನ ವಾಸನೆ ಹೋಗಿರಲಿಲ್ಲ. ಬೆಲೆಯನ್ನು ಚಿತ್ರ ಬರೆದವರೇ ಹೇಳಬೇಕು, ಇಂಥದ್ದೇ ಬರೆಯಿರಿ ಎಂದು ಯಾರಿಗೂ ಹೇಳಬಾರದು ಎಂಬುದು ಅವಳ ಹಟ. ದಲ್ಲಾಳಿಯ ತಾಳಕ್ಕೆ ಕುಣಿದು ಅವಳ ಅಮ್ಮ ಜೀವಮಾನವಿಡೀ ಒಂದೇ ಹಕ್ಕಿ ಬರೆದು ಬೇಸತ್ತು ಸತ್ತಿದ್ದಳು.

ಹಟ ಹೊಟ್ಟೆ ತುಂಬಿಸುತ್ತದೆಯೇ? ಬಂದವರದೆಲ್ಲ ಒಂದೇ ರಾಗ: "ಮೇಡಂ, ಕಾಡು ಇಲ್ವಾ? ಜಿಂಕೆ ಇಲ್ವಾ?" ಇರಲಿಲ್ಲ. ಅವಳ ಚಿಕ್ಕಮ್ಮ ಅರ್ಧ ಆಯುಷ್ಯ ಆಸ್ಪತ್ರೆಯ ಬಟ್ಟೆ ಒಗೆದವಳು. ತಮ್ಮವರ ಹಳೆಯ ಚುಕ್ಕಿ ಗೆರೆಗಳಲ್ಲೇ ಒಗೆಯುವ ಯಂತ್ರಗಳನ್ನೂ ಒಣಹಾಕಿದ ಹಾಸುಬಟ್ಟೆಗಳನ್ನೂ ಬರೆಯುತ್ತಿದ್ದಳು. ನೋಡಿದವರು ಆಹಾ ಎನ್ನುತ್ತಿದ್ದರು, ಕೊಳ್ಳುತ್ತಿರಲಿಲ್ಲ. ಆಹಾ ಎಂದರೆ ಅವರಪ್ಪನ ಗಂಟೇನು ಹೋಗಬೇಕು?

ಕೊನೆಗೆ ದೊಡ್ಡ ಹೋಟೆಲಿನವನೊಬ್ಬ ಬಂದು, ಕೋಣೆಗೊಂದು ಜಿಂಕೆ ಬರೆಸಿಕೊಟ್ಟರೆ ಎಲ್ಲವನ್ನೂ ಕೊಳ್ಳುತ್ತೇನೆ ಎಂದ. ಇಲ್ಲವಾದರೆ ಬಾಡಿಗೆ ಕಟ್ಟಲಾಗದೆ ಬರುವ ತಿಂಗಳು ಗ್ಯಾಲರಿಗೆ ಬೀಗವೇ. ಅಂದಿನಿಂದ ಅವಳು ಸಂಜೆಯಾದರೆ ಚಿಕ್ಕಮ್ಮನ ಒಂದೇ ಕೋಣೆಯ ಮನೆಗೆ ಬಂದು ಕಾಲು ಚಾಚಿ ಕೂರುವಳು, ಹೋಟೆಲಿನವನಿಗೆ ಹಿಡಿಶಾಪ ಹಾಕುವಳು, ಎದ್ದು ಹೋಗುವಳು. ಬರೆದುಕೊಡು ಎಂದು ಮಾತ್ರ ಕೇಳಲಿಲ್ಲ. ಅಷ್ಟಾದರೂ ಮರ್ಯಾದೆ ಉಳಿಯಿತಲ್ಲ ಎಂದುಕೊಂಡಿದ್ದಳು.

ಒಂದು ಸಂಜೆ ಹೋದರೆ ಮೇಜು, ನೆಲ, ಮಂಚದ ತುಂಬ ಜಿಂಕೆಗಳು ಒಣಗುತ್ತಿದ್ದವು. ಕಾಲು ಆಡಿನದು, ಮುಖ ನಾಯಿಯದು. ಚಿಕ್ಕಮ್ಮ ಮರಗಟ್ಟಿದ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿಕೊಂಡು ಕೂತಿದ್ದಳು.

"ಜಿಂಕೇನ ನಾನು ಕಂಡಿರೋದು ಬಿಸ್ಕತ್ತಿನ ಡಬ್ಬಿ ಮೇಲೆ ಕಣೇ. ನಡೆಯತ್ತಾ ನೋಡು."

"ನಾನು ಕೇಳಿರ್ಲಿಲ್ವಲ್ಲ, ಚಿಕ್ಕಮ್ಮ!"

"ಬಾಯಲ್ಲಿ ಕೇಳ್ಲಿಲ್ಲ. ದಿನಾ ಬಂದು ನನ್ನೆದುರು ನಿಟ್ಟುಸಿರು ಬಿಡ್ತಿದ್ಯಲ್ಲ, ಇನ್ನು ಹೇಗೆ ಕೇಳ್ಬೇಕಿತ್ತು?"

ನಾಚಿಕೆಯಿಂದ ಅವಳು ಹಿಡಿಯಷ್ಟಾದಳು. ಅಮ್ಮನಿಂದ ಹಕ್ಕಿ ಬರೆಸಿದ ದಲ್ಲಾಳಿಯಾದರೂ ಬಾಯಿಬಿಟ್ಟು ಕೇಳಿದ್ದ. ಅಲ್ಲೇ ನಿಂತು ಹೋಟೆಲಿನವನಿಗೆ ಫೋನ್ ಮಾಡಿ, ಜಿಂಕೆ ಸಿಗುವುದಿಲ್ಲ, ಬೇರೆ ಕಡೆ ನೋಡಿಕೊಳ್ಳಿ ಎಂದಳು.

ಚಿಕ್ಕಮ್ಮ ಗಾಬರಿಯಾದಳು. "ಬಾಗಿಲು ಮುಚ್ಚಿದ್ರೆ ಏನೇ ಮಾಡ್ತೀಯ?"

"ನಿದ್ದೆ ಮಾಡ್ತೀನಿ. ಸಾಕಾಗಿದೆ."

ಚಿಕ್ಕಮ್ಮ ಬಿಸಿನೀರಿನಿಂದ ಕೈ ತೆಗೆದಳು. ಒದ್ದೆ ಕೈಯಲ್ಲೇ ಮಂಚದ ಮೇಲಿನ ಜಿಂಕೆಗಳನ್ನೆಲ್ಲ ಎತ್ತಿಟ್ಟು, ಅವಳಿಗೆ ಮಲಗಲು ಜಾಗ ಮಾಡಿದಳು.