ವಿಡಿಯೋ ಗೇಮ್ ಅಂಗಡಿಗೆ ಅಕ್ಕ ನುಗ್ಗಿದ್ದು

ನಾನು ಡಿಗ್ರಿ ಓದುವಾಗ ಕಾಲೇಜಿನ ದಾರಿಯಲ್ಲಿ, ದುರ್ಗಿಗುಡಿಯಲ್ಲಿ, ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಬಾಗಿಲಿಗೆ ನೀಲಿ ಕರ್ಟನ್. ಒಳಗಿನಿಂದ ಗುದ್ದುವ, ಒದೆಯುವ ಸದ್ದು, ಹುಡುಗರ ಕೇಕೆ. ಹೊರಗೆ ನಿಂತ ಸೈಕಲ್ಲುಗಳಲ್ಲಿ ಒಂದೂ ಲೇಡೀಸ್ ಸೈಕಲ್ಲಲ್ಲ. ಗಾಳಿಗೆ ಕರ್ಟನ್ ಸರಿದಾಗ ಇಣುಕಬೇಕು ಅನಿಸುತ್ತಿತ್ತು. ಇಣುಕಿದ್ದನ್ನು ಯಾರಾದರೂ ನೋಡಿದರೆ ಎಂಬ ಭಯಕ್ಕೆ ಬಿರಬಿರನೆ ನಡೆದುಬಿಡುತ್ತಿದ್ದೆ.

ಆ ವರ್ಷ ನನ್ನ ದೊಡ್ಡಮ್ಮನ ಮಗಳು ಕಂಪ್ಯೂಟರ್ ಕ್ಲಾಸಿಗೆಂದು ದಿನಾ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರತೊಡಗಿದಳು. ದೊಡ್ಡಪ್ಪ ಕಾರ್ಖಾನೆ ನೌಕರರು. ಅವರ ಕ್ವಾರ್ಟರ್ಸಿನಲ್ಲಿ ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಇತ್ತು. ತಂದದ್ದು ಮಗನಿಗೆ, ಪಳಗಿದ್ದು ಮಗಳು.

ಒಂದು ಮಧ್ಯಾಹ್ನ ಇಬ್ಬರೂ ಆ ಅಂಗಡಿಯ ಮುಂದೆ ಹೋಗುತ್ತಿದ್ದೆವು. ಅಕ್ಕ ನಿಂತಳು. “ಬಾ, ಒಂದ್ ಆಟ ಆಡಿ ಹೋಗೋಣ” ಅಂದಳು.

“ಅಯ್ಯೋ ಮಾರಾಯ್ತಿ, ಅಲ್ಲಿ ಹುಡುಗರು ಮಾತ್ರ ಹೋಗೋದು.”

“ಹಾಗಂತ ಎಲ್ಲಿ ಬರೆದಿದೆ?” ಎನ್ನುತ್ತಲೇ ಕರ್ಟನ್ ಸರಿಸಿ ಒಳಗೆ ಹೋದಳು. ನನಗೂ ಕುತೂಹಲ ತಡೆಯಲಿಲ್ಲ, ಹಿಂದೆಯೇ ಹೋದೆ.

ಅಂಗಡಿಯವನು ನಮ್ಮನ್ನು ನೋಡಿ, “ಯಾರನ್ನ ಕರೀಬೇಕಿತ್ತಮ್ಮಾ?” ಅಂದ. ತಮ್ಮನನ್ನೋ ಅಣ್ಣನನ್ನೋ ಹುಡುಕಿಕೊಂಡು ಬಂದವರು ಅಂದುಕೊಂಡಿದ್ದ. “ಯಾರನ್ನೂ ಇಲ್ಲ, ಆಡೋಕೆ ಬಂದ್ವಿ” ಅಂದಳು ಅಕ್ಕ. ಕೇಕೆ ಪಕ್ಕನೆ ನಿಂತಿತು. ಕಾಲೇಜು ಹುಡುಗನೊಬ್ಬ ಪಕ್ಕಕ್ಕೆ ಸರಿದು ಜಾಗ ಕೊಟ್ಟ.

ಹೊಡೆದಾಟದ ಗೇಮ್. ಯಾರಾಗಿ ಆಡಬೇಕೋ ಅವರನ್ನು ಮೊದಲು ಆರಿಸಿಕೊಳ್ಳಬೇಕು. ಅಕ್ಕ ಆರಿಸಿದ್ದು ಗಡ್ಡದ ದಢೂತಿ ಪೈಲ್ವಾನನನ್ನು. ಪಕ್ಕದ ಹುಡುಗ ಆರಿಸಿದ್ದು ಈಜುಡುಗೆಯಂಥದ್ದನ್ನು ತೊಟ್ಟ ಎತ್ತರದ ಹೆಂಗಸನ್ನು. ಆಟ ಶುರುವಾದ ಮೇಲೆ ಹುಡುಗರು ನಮ್ಮನ್ನು ಮರೆತು ಮತ್ತೆ ಕೂಗತೊಡಗಿದರು. “ಬಿಡಬೇಡ, ಒದಿ ಅವಳಿಗೆ!” ಎಂದು ಹಿಂದಿನಿಂದ ಒಬ್ಬ ಅರಚಿದ.

ಅರಚಿದವನಿಗೇ ಗಾಬರಿಯಾಯಿತು. ಅಕ್ಕ ಟಿವಿಯಿಂದ ಕಣ್ಣು ತೆಗೆಯದೆ, “ಯಾರಿಗೋ ಮಾರಾಯಾ? ನಂಗಾ, ಟಿವೀಲಿರೋಳಿಗಾ?” ಅಂದಳು.

ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ. ಆಟ ಮುಗಿಯುವವರೆಗೂ ಅದೇ ಗೊಂದಲ. ಪೈಲ್ವಾನ ನೆಲಕ್ಕುರುಳಿದಾಗ ಕೆಲವರು “ಬಿದ್ದ” ಅಂದರು, ಕೆಲವರು “ಬಿದ್ರು” ಅಂದರು. ಹೆಂಗಸು ಬಿದ್ದಾಗ ಮಾತ್ರ ಎಲ್ಲರೂ ಒಂದೇ ಬಾಯಲ್ಲಿ “ಬಿದ್ಲು!” ಕೊನೆಗೆ ಗೆದ್ದದ್ದು ಆ ಹುಡುಗ. ಅವನನ್ನು ಗೆಳೆಯರು “ಗೆದ್ದ” ಎಂದು ಎತ್ತಿಕೊಂಡದ್ದು ನೋಡಿ ನನಗೆ ವಿಚಿತ್ರವೆನಿಸಿತು. ಬಿದ್ದರೆ ಅವಳು, ಗೆದ್ದರೆ ಇವನು.

“ನೀವ್ಯಾಕೆ ಹುಡುಗೀನ ತಗೊಳ್ಳಲಿಲ್ಲ?” ಎಂದು ಅವನೇ ಅಕ್ಕನನ್ನು ಕೇಳಿದ.

“ನೀನ್ಯಾಕೆ ತಗೊಂಡೆ?”

ಅವನ ಕಿವಿ ಕೆಂಪಾದವು. “ಸ್ಪೀಡ್ ಜಾಸ್ತಿ” ಅಂದ. ಹಿಂದಿದ್ದವರು ಮತ್ತೆ ನಕ್ಕರು. ಅಕ್ಕನೂ ನಕ್ಕು, “ನಂಗೆ ಆ ಮೈಕಟ್ಟು ಹೇಗಿರತ್ತೋ ನೋಡ್ಬೇಕಿತ್ತು” ಅಂದಳು. ಅದನ್ನು ಕೇಳಿ ಅವರು ಯಾರೂ ನಗಲಿಲ್ಲ. ಹುಡುಗಿ ಗಂಡಸಿನ ಮೈಕಟ್ಟಿನ ಬಗ್ಗೆ ಹಾಗೆ ಮಾತಾಡಬಹುದೆಂದು ಅವರಿಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಹೊರಡುವಾಗ ಅಂಗಡಿಯವನು ಮರ್ಯಾದೆಯಿಂದಲೇ, “ಬೆಳಗ್ಗೆ ಬನ್ನಿ ಅಮ್ಮಾ, ಆಗ ಯಾರೂ ಇರಲ್ಲ” ಅಂದ. “ಯಾರೂ ಇಲ್ದೆ ಇದ್ರೆ ಯಾರ ಜೊತೆ ಆಡ್ಲಿ?” ಅಂದಳು ಅಕ್ಕ. ಕಂಪ್ಯೂಟರ್ ಕೋರ್ಸು ಮುಗಿಯುವವರೆಗೂ ಮಧ್ಯಾಹ್ನವೇ ಹೋದಳು. ಹುಡುಗರೂ ಒಗ್ಗಿಕೊಂಡರು. ಆದರೆ ಅವಳಿದ್ದಾಗ ಬೈಗುಳ ನುಂಗಿಕೊಳ್ಳುತ್ತಿದ್ದರು, ಅದೊಂದು ಬದಲಾಗಲಿಲ್ಲ.

ಈ ನಡುವೆ ಸುದ್ದಿ ಹೇಗೋ ಭದ್ರಾವತಿ ಮುಟ್ಟಿತು. ಮುಂದಿನ ಭಾನುವಾರ ನಾನು ಅವರ ಮನೆಗೆ ಹೋದಾಗ ಗಲಾಟೆಯಾಗುತ್ತದೆ ಅಂದುಕೊಂಡಿದ್ದೆ. ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಕರೆದು, ದನಿ ತಗ್ಗಿಸಿ, “ಕರ್ಟನ್ ಹಿಂದೆ ಏನಿರತ್ತೆ ಕಣೇ?” ಎಂದರು. “ಟಿವಿ ದೊಡ್ಡಮ್ಮ, ಇನ್ನೇನಿಲ್ಲ” ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಸಂಜೆ ಅಕ್ಕ ಮನೆಯಲ್ಲೇ ಹೊಡೆದಾಟದ ಗೇಮಿನ ಕ್ಯಾಸೆಟ್ ಹಾಕಿ ಅಮ್ಮನ ಕೈಗೆ ಆಟದ ರಿಮೋಟ್ ಕೊಟ್ಟಳು. ಅದರಲ್ಲೂ ಒಬ್ಬಳು ಹೆಂಗಸಿದ್ದಳು, ಅರ್ಧಂಬರ್ಧ ಬಟ್ಟೆ.

“ಥೂ, ಇಷ್ಟು ಬಟ್ಟೇಲಿ ಹೊಡೆದಾಡೋದು ಹೇಗೆ ಇವಳು?” ಎಂದ ದೊಡ್ಡಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಆರಿಸಿಕೊಂಡದ್ದು ಅವಳನ್ನೇ. ಒದೆಯುವಾಗಲೆಲ್ಲ ಕೂತಲ್ಲೇ ತಮ್ಮ ಮೈಯನ್ನೂ ವಾಲಿಸುತ್ತಿದ್ದರು. ಶಿಫ್ಟ್ ಮುಗಿಸಿ ಬಂದ ದೊಡ್ಡಪ್ಪ ಬಾಗಿಲಲ್ಲೇ ನಿಂತರು.

“ಕಾಫಿ ಫ್ಲಾಸ್ಕಿನಲ್ಲಿದೆ, ಬಗ್ಗಿಸ್ಕೊಳ್ಳಿ” ಅಂದರು ದೊಡ್ಡಮ್ಮ, ತಿರುಗಿಯೂ ನೋಡದೆ.