ಮುಚ್ಚಿದ ಬಾಗಿಲ ಹಿಂದಿನ ಭಟ್ಟರು

ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಉಳಿದದ್ದನ್ನು ಕಲಿಸಿದ್ದು ಪುತ್ತೂರಿನ ಟಾಕೀಸು. ಆ ಕಾಲದ ಸಿನಿಮಾಗಳಲ್ಲಿ ಪೂಜೆ ಭಟ್ಟರು ಎಂದರೆ ಎರಡೇ ನಮೂನೆ. ಒಬ್ಬರು ಡೊಳ್ಳು ಹೊಟ್ಟೆಯವರು. ಗರ್ಭಗುಡಿಯ ಬಾಗಿಲು ಹಾಕಿಕೊಂಡು ದೇವರ ಒಡವೆಯನ್ನು ಸೊಂಟಕ್ಕೆ ಸಿಕ್ಕಿಸುವವರು. ಇನ್ನೊಬ್ಬರು ಬಡಕಲು, ಅವರು ಅತ್ತರೆ ಸಾಕು, ಗಂಟೆ ತಾನಾಗಿ ಬಡಿದುಕೊಳ್ಳುತ್ತದೆ, ಕುರುಡನಿಗೆ ಕಣ್ಣು ಬರುತ್ತದೆ. ಶೀತವಾಗಿ ಸೀನುವ ಭಟ್ಟರನ್ನು ಯಾವ ಸಿನಿಮಾದಲ್ಲೂ ಕಂಡ ನೆನಪಿಲ್ಲ. ಈಗಲೂ ಟಿವಿಯಲ್ಲಿ ಆ ಡೊಳ್ಳು ಹೊಟ್ಟೆ ಕಂಡರೆ "ಬಂದ ಕಳ್ಳ" ಎಂದು ಕೂಗಿಬಿಡುತ್ತೇನೆ.

ಹೀಗಿರುವಾಗ ಮೊಮ್ಮಗಳಿಗೆ ಪಂಜದ ಹತ್ತಿರದ ದೇವಸ್ಥಾನವೊಂದರ ಅರ್ಚಕ ಹುಡುಗನ ಸಂಬಂಧ ಬಂತು. ಅವನು ಹೆಣ್ಣು ನೋಡಲು ಬಂದ ದಿನ ನಾನು ಕಲ್ಲುಗುಂಡಿಯಲ್ಲಿ ಮಗಳ ಮನೆಯಲ್ಲಿದ್ದೆ. ತಿರುಗಿ ಬಂದು ನೋಡಿದರೆ ಹುಡುಗಿ ಒಪ್ಪಿ ಕೂತಿದ್ದಾಳೆ!

"ಪೂಜೆ ಭಟ್ರನ್ನು ನಂಬ್ಲಿಕ್ಕೆ ಆಗುದಿಲ್ಲ ಮಾರಾಯ್ತಿ" ಎಂದೆ.

"ನಿಮಗೆ ಸಿನಿಮಾದ ಹುಚ್ಚು ಅಜ್ಜಿ. ಆದ್ರೆ ನೀವು ಹೂಂ ಹೇಳದೆ ನಾನು ಮದುವೆ ಆಗುದಿಲ್ಲ" ಎಂದಳು. ಅಷ್ಟು ಹೇಳುವಾಗ ಅವಳ ಮುಖ ಸಣ್ಣದಾಯಿತು.

ಆ ಮುಖ ನೋಡಲಾಗದೆ, ಯಾರಿಗೂ ಹೇಳದೆ ಪಂಜದ ಬಸ್ಸು ಹತ್ತಿದೆ. ಫೋಟೋದಲ್ಲಿ ಹುಡುಗನಿಗೆ ಹೊಟ್ಟೆ ಇರಲಿಲ್ಲ. ಅದೇ ನನಗೆ ಇನ್ನೂ ಹೆಚ್ಚಿನ ಸಂಶಯ. ಅಳುವ ನಮೂನೆಯವನಾದರೆ ನನ್ನ ಹುಡುಗಿಗೆ ಬದುಕೆಲ್ಲ ಉಪವಾಸವೇ.

ಮಧ್ಯಾಹ್ನದ ಪೂಜೆ. ನಮ್ಮಲ್ಲಿ ದೇವರು ಉಣ್ಣುವುದನ್ನು ಯಾರೂ ನೋಡಬಾರದು. ನೈವೇದ್ಯವನ್ನು ಒಳಗಿಟ್ಟು ಭಟ್ಟರು ಬಾಗಿಲು ಹಾಕಿಕೊಳ್ಳುತ್ತಾರೆ. ಇವನೂ ಹಾಕಿಕೊಂಡ. ಮಂತ್ರ ಕೇಳಿಸಿತು, ನಿಂತಿತು. ಬಾಗಿಲು ತೆರೆಯಲಿಲ್ಲ. ನಾನು ಕಿವಿ ಕೊಟ್ಟು ನಿಂತೆ. ಏನೋ ಸರಿದ ಸದ್ದು. ಒಡವೆಯ ಪೆಟ್ಟಿಗೆಯೇ ಇರಬೇಕು!

ಕೊನೆಗೆ ಗಂಟೆ ಬಾರಿಸಿ ಬಾಗಿಲು ತೆರೆದ. ಮಂಗಳಾರತಿಯ ಬೆಳಕಿನಲ್ಲಿ ನಾನು ದೇವರ ಸರವನ್ನೂ ಅವನ ಸೊಂಟವನ್ನೂ ಒಟ್ಟಿಗೆ ನೋಡಿದೆ. ಸರ ಇದ್ದಲ್ಲೇ ಇತ್ತು. ಆದರೂ ಬಿಡಲಿಲ್ಲ. ತೀರ್ಥ ತೆಗೆದುಕೊಂಡು ಜನ ಹೋದ ಮೇಲೆ ಕೇಳಿಯೇಬಿಟ್ಟೆ.

"ಭಟ್ರೇ, ಮಂತ್ರ ಮುಗಿದ ಮೇಲೂ ಒಳಗೆ ಎಂತ ಮಾಡ್ತಿದ್ರಿ?"

ಅವನು ಅತ್ತ ಇತ್ತ ನೋಡಿದ. "ಯಾರಿಗೂ ಹೇಳ್ಬೇಡಿ ಅಜ್ಜಿ. ಬೆಳಕು ಹರಿಯುವ ಮೊದಲೇ ಎದ್ದದ್ದು. ಬೆನ್ನು ನೋವು ಉಂಟು. ಮಣೆ ಸರಿಸಿ, ಗೋಡೆಗೆ ಒರಗಿ ಸ್ವಲ್ಪ ಕಾಲು ಚಾಚುದು."

"ದೇವರ ಎದುರು?"

"ಬದಿಗೆ ಅಜ್ಜಿ, ಬದಿಗೆ! ಹೊರಗೆ ಕೂತ್ರೆ ಊರವರು ಭಟ್ರಿಗೆ ಸೋಮಾರಿತನ ಅಂತಾರೆ. ಒಳಗಿರುವವನು ಇಷ್ಟರವರೆಗೆ ಎಂತ ಹೇಳ್ಲಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಕಳ್ಳನಾದರೆ ಜಪ ಮಾಡುತ್ತಿದ್ದೆ ಎನ್ನುತ್ತಿದ್ದ. ಅಳುವವನಾದರೆ ದೇವರು ಮಾತಾಡಿದ ಎನ್ನುತ್ತಿದ್ದ. ಇವನಿಗೆ ಬೆನ್ನು ನೋವು! ನಾನು ಯಾರ ಅಜ್ಜಿ ಎಂದು ಹೇಳಿದೆ. ಹುಡುಗ ಬೆವರಿಹೋದ.

"ಅಯ್ಯೋ, ಮೊದಲೇ ಹೇಳ್ಬಾರ್ದಾ? ಕಾಲು ಚಾಚಿದ್ದನ್ನು ಬಾಯಿ ಬಿಡ್ತಿರ್ಲಿಲ್ಲ!"

"ಅದಕ್ಕೇ ಹೇಳ್ಲಿಲ್ಲ" ಎಂದೆ.

ಬಸ್ಸಿನಲ್ಲಿ ಕೂತವಳೇ ಮೊಮ್ಮಗಳಿಗೆ ಫೋನು ಮಾಡಿ ಹೂಂ ಎಂದೆ. ಅವಳು ಮೊದಲು ನಂಬಲಿಲ್ಲ. ನಂಬಿದ ಮೇಲೆ ಕಿರುಚಿದ್ದು ಬಸ್ಸಿಗೆಲ್ಲ ಕೇಳಿಸಿರಬೇಕು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಎಂತ ಅಜ್ಜಿ, ಅಷ್ಟು ಖುಷಿ?" ಎಂದು ಕೇಳಿದಳು. ಅವಳ ಊರು ಯಾವುದು, ಹೆಸರೇನು, ಒಂದೂ ನನಗೆ ಗೊತ್ತಿರಲಿಲ್ಲ.

"ನಮ್ಮ ಹುಡುಗಿಗೆ ಮದುವೆ. ನೀವು ಖಂಡಿತ ಬರ್ಬೇಕು, ಮನೆಯವರನ್ನೂ ಕರ್ಕೊಂಡು ಬನ್ನಿ" ಎಂದೆ.