ಏಳದ ಮುಳ್ಳು, ಅಮ್ಮನ ಹಾಫ್ ಕ್ಲಚ್

ಜನವರಿಯ ಎರಡನೇ ಭಾನುವಾರ, ಬೆಳಿಗ್ಗೆ ಐದೂ ಮುಕ್ಕಾಲು. ಅಪ್ಪ ಅಮ್ಮನ ಕೈಯಿಂದ ಕಾರಿನ ಕೀ ತೆಗೆದುಕೊಂಡರು.

ಕಿತ್ತುಕೊಂಡರು ಎಂದು ಬರೆದರೆ ಬೇಸರ ಮಾಡಿಕೊಳ್ಳುತ್ತಾರೆ. (ಈ ಅಂಕಣದ ಮೊದಲ ಓದುಗರು ಅವರೇ.) ಹಾಗಾಗಿ ತೆಗೆದುಕೊಂಡರು ಎಂದೇ ಇರಲಿ.

"ಇವತ್ತಿನಿಂದ ಮಾರ್ಕೆಟಿಗೆ ಟೆಂಪೋ ಹೇಳಿದ್ದೇನೆ. ನೀನು ಆರಾಮ ಮಾಡು."

ಅಮ್ಮ ಸ್ವೆಟರ್ ಬಿಚ್ಚಿ ಮಡಚಿ ಕಪಾಟಿನಲ್ಲಿಟ್ಟಳು. ನನಗೆ ಕೆಟ್ಟದೆನಿಸಿದ್ದು ಅದು.

ಡೊಂಬಿವ್ಲಿ ಪೂರ್ವದಲ್ಲಿ ನಮ್ಮದೊಂದು ಚಿಕ್ಕ ವೆಜ್ ಹೋಟೆಲ್. ಇಪ್ಪತ್ತೈದು ವರ್ಷ ಅದರ ಅಡುಗೆಮನೆಯಲ್ಲೇ ಕಳೆದ ಅಮ್ಮ ನಲವತ್ತೊಂಬತ್ತನೇ ವಯಸ್ಸಿನಲ್ಲಿ ಲೈಸೆನ್ಸ್ ಮಾಡಿಸಿದಳು. ಕಳೆದ ಜೂನ್‌ನಿಂದ ಬೆಳಗಿನ ಜಾವ ಕಲ್ಯಾಣ್ ಮಾರ್ಕೆಟಿಗೆ ಹೋಗಿ ಹೋಟೆಲಿಗೆ ತರಕಾರಿ ತರುವುದು ಅವಳೇ. ಅಲ್ಲಿ ಅವಳಿಗೆ 'ಗಾಡಿವಾಲಿ ಕಾಕೂ', ಗಾಡಿ ಓಡಿಸುವ ಆಂಟಿ, ಎಂದು ಹೆಸರು. ಹೇಳುವಾಗ ನಗುತ್ತಿದ್ದಳು, ಆದರೆ ದಿನಕ್ಕೆರಡು ಸಲ ಹೇಳುತ್ತಿದ್ದಳು.

ಅವಳ ಮೇಲಿನ ಆರೋಪ ಏನು? ಮೈಲೇಜ್. ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುತ್ತಿದ್ದ ಕಾರು ಚಳಿ ಶುರುವಾದ ಮೇಲೆ ಹನ್ನೊಂದಕ್ಕೆ ಇಳಿದಿತ್ತು. ಬೆಳಿಗ್ಗೆ ಎಳೆಯುತ್ತಲೇ ಇರಲಿಲ್ಲ. ನಮ್ಮ ಗಲ್ಲಿಯ ಮೆಕ್ಯಾನಿಕ್ ಗಣಪತ್ ಬಾನೆಟ್ ಕೂಡ ಎತ್ತದೆ ತೀರ್ಪು ಕೊಟ್ಟ.

"ಶೇಠ್, ಇಂಜಿನ್ ಏಕ್‌ದಮ್ ಫಸ್ಟ್ ಕ್ಲಾಸ್. ಭಾಭಿ ಹಾಫ್ ಕ್ಲಚ್ ಪೇ ಚಲಾತಿ ಹೈ."

ಅಂದರೆ ಕ್ಲಚ್ ಅರ್ಧ ಒತ್ತಿಕೊಂಡೇ ಓಡಿಸುತ್ತಾಳೆ; ತಪ್ಪು ಗಾಡಿಯದಲ್ಲ, ಅಮ್ಮನ ಎಡಗಾಲಿನದು.

ನಿಮಗೆ ಗೊತ್ತು, ನಾನು ಎಲ್ಲವನ್ನೂ ಬರೆದಿಡುವವಳು. ಕಾರಿಗೂ ಒಂದು ನೋಟ್‌ಬುಕ್ ಇದೆ. ತಾರೀಕು, ಕಿಲೋಮೀಟರ್, ಪೆಟ್ರೋಲ್ ಎಷ್ಟು ಲೀಟರ್, ಗಾಡಿ ಓಡಿಸಿದ್ದು ಯಾರು, ರಿಪೇರಿ ಏನು. "ನೀನೆಂತ ಆರ್‌ಟಿಒ ಆಫೀಸರಾ ಮಾರಾಯ್ತಿ?" ಎಂದು ಅಪ್ಪ ಯಾವಾಗಲೂ ರೇಗಿಸುತ್ತಾರೆ. ಹನ್ನೊಂದಕ್ಕೆ ಇಳಿದದ್ದನ್ನು ಲೆಕ್ಕ ಹಾಕಿ ಅವರಿಗೆ ಹೇಳಿದವಳೂ ನಾನೇ. ಅಮ್ಮನ ವಿರುದ್ಧದ ಸಾಕ್ಷಿ ನನ್ನದೇ ಅಕ್ಷರದಲ್ಲಿತ್ತು!

ಮುಂದಿನ ಭಾನುವಾರ ಕಾಮೋಠೆಯಲ್ಲಿ ಚಿಕ್ಕಮ್ಮನ ಗೃಹಪ್ರವೇಶ. ಬೆಳಿಗ್ಗೆ ಆರಕ್ಕೆ ಹೊರಟೆವು. ಅಪ್ಪನೇ ಸ್ಟಿಯರಿಂಗ್ ಹಿಡಿದರು. ನಾನು ಪಕ್ಕದಲ್ಲಿ, ಅಮ್ಮ ಹಿಂದೆ. ಥಂಡಿ ಎಂದರೆ ಥಂಡಿ. ರಸ್ತೆ ಬದಿಯಲ್ಲಿ ರಿಕ್ಷಾದವರು ರಟ್ಟು ಸುಟ್ಟು ಕೈ ಕಾಯಿಸುತ್ತಿದ್ದರು. ನಮ್ಮ ಉಸಿರಿಗೆ ಮುಂದಿನ ಗಾಜು ಮಂಜಾಯಿತು. ಅಪ್ಪ ಹೀಟರ್ ಹಾಕಿದರು. ಬಂದದ್ದು ತಣ್ಣನೆಯ ಗಾಳಿ.

"ಇದು ಹೀಟರಾ, ಎ.ಸಿ.ಯಾ?"

ಹಿಂದಿನ ಸೀಟಿನಿಂದ ಅಮ್ಮ ಒಂದು ವಾರದಲ್ಲಿ ಮೊದಲ ಸಲ ಕಾರಿನ ಬಗ್ಗೆ ಬಾಯಿ ಬಿಟ್ಟಳು. "ನಾನು ಕ್ಲಚ್ ಮುಟ್ಟಲಿಲ್ಲ ಹಾಂ."

ಆಗ ನಾನು ಡ್ಯಾಶ್‌ಬೋರ್ಡ್ ನೋಡಿದೆ. ಇಂಜಿನ್ ಎಷ್ಟು ಬಿಸಿಯಾಗಿದೆ ಎಂದು ತೋರಿಸುವ ಮುಳ್ಳು ಕೆಳಗೆ ಮಲಗಿತ್ತು. ಶಿಳಫಾಟಾ ದಾಟಿದೆವು, ಏಳಲಿಲ್ಲ. ತಳೋಜಾ ದಾಟಿದೆವು, ಏಳಲಿಲ್ಲ. ಕಾಮೋಠೆಯಲ್ಲಿ ಗಾಡಿ ನಿಲ್ಲಿಸಿದಾಗಲೂ ಮಲಗಿಯೇ ಇತ್ತು. ಮೂರನ್ನೂ ಬರೆದುಕೊಂಡೆ.

ಒಳಗೆ ಹೋಮ ನಡೆಯುತ್ತಿದ್ದಾಗ ನಾನು ಕಾರಿನಲ್ಲಿ ಕೂತು ಅದರ ಮ್ಯಾನ್ಯುಯಲ್ ತೆಗೆದೆ. (ಕೊಂಡ ದಿನದ ಪ್ಲಾಸ್ಟಿಕ್ ಕವರ್ ಇನ್ನೂ ಹರಿದಿರಲಿಲ್ಲ. ನಿಮ್ಮದು ಹರಿದಿದೆಯೇ?) ಅದರಲ್ಲಿ ಸರಳವಾಗಿ ಬರೆದಿತ್ತು: ಎಷ್ಟು ಓಡಿಸಿದರೂ ಮುಳ್ಳು ಏಳದಿದ್ದರೆ ಥರ್ಮೋಸ್ಟಾಟ್ ನೋಡಿಸಿ. ಇಂಜಿನ್ ಬಿಸಿಯಾಗುವ ತನಕ ಅದರ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಪುಟ್ಟ ಬಾಗಿಲು, ಒಂದು ವಾಲ್ವ್, ಅದು. ಬಾಗಿಲು ತೆರೆದೇ ಇದ್ದರೆ, ಅಥವಾ ಬಾಗಿಲೇ ಇಲ್ಲದಿದ್ದರೆ, ಚಳಿಯಲ್ಲಿ ಇಂಜಿನ್ ಬಿಸಿಯಾಗುವುದೇ ಇಲ್ಲ. ಸುಮ್ಮನೆ ಪೆಟ್ರೋಲ್ ಕುಡಿಯುತ್ತದೆ.

ನೋಟ್‌ಬುಕ್ಕಿನ ಹಾಳೆ ಹಿಂದಕ್ಕೆ ತಿರುವಿದೆ. ಮೇ ತಿಂಗಳ ಕೊನೆಯ ವಾರ, ರಿಪೇರಿ ಕಾಲಮ್ಮು: 'ಇಂಜಿನ್ ಕಾದು ನಿಂತಿತು. ಗಣಪತ್ ಒಂದು ವಾಲ್ವ್ ತೆಗೆದ.' ತೆಗೆದ ಎಂದಿದೆ. ಹಾಕಿದ ಎಂದು ಎಲ್ಲೂ ಇಲ್ಲ. ಸರಿಯಾಗಿ ಮರುವಾರ ಅಮ್ಮ ಕಲ್ಯಾಣಿಗೆ ಹೋಗಲು ಶುರು ಮಾಡಿದ್ದಳು. ಅವಳು ಸಿಕ್ಕಿಬೀಳಲು ಇನ್ನೇನು ಬೇಕು?

ಇನ್ನೂ ಒಂದು ಸಾಲು ಸಿಕ್ಕಿತು. ಡಿಸೆಂಬರ್‌ನಲ್ಲಿ ಅಮ್ಮ ನೆಂಟರ ಮದುವೆಗೆಂದು ಎರಡು ವಾರ ಉಡುಪಿಯಲ್ಲಿದ್ದಳು. ಆಗ ಮಾರ್ಕೆಟಿಗೆ ಓಡಿಸಿದ್ದು ಅಪ್ಪ. ಮೈಲೇಜ್ 10.8. ಅದರ ಹಿಂದಿನ ಎರಡು ವಾರ ಅಮ್ಮನದು 11.3.

ಬರೆದಿಟ್ಟವಳು ನಾನು, ಓದದೆ ಬಿಟ್ಟವಳೂ ನಾನು. ತಿಂಗಳುಗಟ್ಟಲೆ ಅಂಕಿ ತುಂಬಿದೆ, ಒಮ್ಮೆಯೂ ಸಾಲಿಗೆ ಸಾಲು ಹೋಲಿಸಲಿಲ್ಲ.

ಊಟದ ಪಂಕ್ತಿಯಲ್ಲಿ ಅಪ್ಪನ ಎಲೆಯ ಪಕ್ಕ ನೋಟ್‌ಬುಕ್ ಹಿಡಿದೆ. ಎರಡು ಸಲ ಓದಿದರು. ಪಾಯಸ ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿದರು.

"ಆ ಎರಡು ವಾರ ಟ್ರಾಫಿಕ್ ಜಾಸ್ತಿ ಇತ್ತು," ಎಂದರು.

"ಬೆಳಿಗ್ಗೆ ಐದೂವರೆಗಾ?" ಎಂದಳು ಅಮ್ಮ, ತನ್ನ ಎಲೆಯಿಂದ ತಲೆ ಎತ್ತದೆ.

ಸೋಮವಾರ ಮೂವರೂ ಗಣಪತ್‌ನ ಗ್ಯಾರೇಜಿಗೆ ಹೋದೆವು. ಅವನಿಗೆ ಯಾವ ಅಳುಕೂ ಇಲ್ಲ. "ಹಾಂ, ನಿಕಾಲ್ ದಿಯಾ. ಜಾಮ್ ಹೋ ಗಯಾ ಥಾ. ಮೈ ತೋ ಸಬ್ ಕಾ ನಿಕಾಲ್ತಾ ಹೂಂ. ಅಪ್ನೇ ಇಧರ್ ಠಂಡ್ ಕಹಾಂ ಹೈ, ಭಾಭಿ?" ಅಂದರೆ ಎಲ್ಲರ ಗಾಡಿಯದನ್ನೂ ತೆಗೆಯುತ್ತಾನಂತೆ, ನಮ್ಮ ಕಡೆ ಚಳಿ ಎಲ್ಲಿದೆ ಎಂದು.

ಅಮ್ಮ ಅವನ ಮೈಮೇಲಿದ್ದ ಎರಡು ಸ್ವೆಟರನ್ನು ಮೇಲಿಂದ ಕೆಳಗೆ ನೋಡಿದಳು. "ತೋ ಯೇ ದೋ ದೋ ಸ್ವೆಟರ್ ಕಿಸ್ ಲಿಯೇ?"

ಗಣಪತ್ ಮಫ್ಲರ್ ಸರಿಮಾಡಿಕೊಂಡು ಬಾನೆಟ್ ಎತ್ತಿದ. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಸಣ್ಣ ಹೊಸ ಥರ್ಮೋಸ್ಟಾಟ್. ಕೂರಿಸಲು ಒಂದು ಗಂಟೆ. ಇಷ್ಟಕ್ಕಾಗಿ ಚಳಿಗಾಲವಿಡೀ ಒಬ್ಬ ಹೆಂಗಸಿನ ಎಡಗಾಲು ಕಟಕಟೆಯಲ್ಲಿ ನಿಂತಿತ್ತು.

ಮರುದಿನ ಬೆಳಿಗ್ಗೆ ಅಮ್ಮ ಓಡಿಸಿದಳು, ನಾನು ಹಿಂದೆ ಕೂತೆ. ಅಪ್ಪ ಯಾರೂ ಕರೆಯದೆ ಪಕ್ಕದ ಸೀಟಿನಲ್ಲಿ ಬಂದು ಕೂತರು. ರಸ್ತೆಯನ್ನು ಅವರು ನೋಡಲೇ ಇಲ್ಲ, ಮುಳ್ಳನ್ನೇ ನೋಡುತ್ತಿದ್ದರು. ಕಲ್ಯಾಣಿನ ಪತ್ರಿಪುಲ್ ಸೇತುವೆ ಬರುವ ಮೊದಲೇ ಅದು ಮೆಲ್ಲಗೆ ಎದ್ದು ನಡುವಿಗೆ ಬಂದು ನಿಂತಿತು. ಹೀಟರಿನಿಂದ ಬಿಸಿ ಗಾಳಿ ಬಂತು.

"ನಿನ್ನ ಕಾಲು ಸರಿ ಉಂಟು," ಎಂದರು ಅಪ್ಪ.

"ನನಗೆ ಗೊತ್ತುಂಟು. ಗಣಪತ್‌ಗೆ ಹೇಳಿ."

ಹೇಳಿದರು. ಅವನು ಚಹಾಕ್ಕೆ ಬಂದಾಗ, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು, ನಾಲ್ಕು ಟೇಬಲ್ಲಿಗೆ ಕೇಳಿಸುವ ಹಾಗೆ ಹೇಳಿದರು. ಟೆಂಪೋ ಅಂದೇ ರದ್ದು.

ಆಮೇಲಿನ ಮೂರು ವಾರದ ಮೈಲೇಜ್: 14.8, 15.1, 15.3. ಓಡಿಸಿದ್ದು: ಅಮ್ಮ, ಅಮ್ಮ, ಅಮ್ಮ.

ಒಂದು ಪ್ರಶ್ನೆ. ನಿಮ್ಮ ಮನೆಯ ಗಾಡಿ ಕೆಟ್ಟಾಗ ಮೊದಲು ತೆರೆಯುವುದು ಯಾವುದು, ಬಾನೆಟ್ಟೋ ಬಾಯಿಯೋ?